ರಾಜನಿಗೆ ಹೇಳುವವರು ಯಾರು?

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ನಮಗೆ ಸಿಕ್ಕಿದ್ದು ಎರಡೇ ದಿನ. 14 ದ್ವೀಪಗಳ ಮೇಲೆ ಹರಡಿಕೊಂಡ ಊರದು. ಜೂನ್ ತಿಂಗಳಾದ್ದರಿಂದ ರಾತ್ರಿ ಹತ್ತಾದರೂ ಸೂರ್ಯ ಮುಳುಗುವ ಮನಸ್ಸು ಮಾಡುತ್ತಿರಲಿಲ್ಲ. ಹಾಗಾಗಿ ಎರಡು ದಿನ ಮೂರು ದಿನದಷ್ಟು ಉದ್ದವಾಗಿತ್ತು ಅನ್ನಿ. ಜನ ಕಟ್ಟೆಗಳ ಮೇಲೆ, ಸೇತುವೆಗಳ ಮೇಲೆ, ದೋಣಿಗಳಲ್ಲಿ, ಎಲ್ಲೆಂದರಲ್ಲಿ ಬಿಸಿಲಿಗೆ ಮುಖ ಒಡ್ಡಿ ಕೂತಿದ್ದರು. ನಾವಾದರೋ ನೆರಳು ಹುಡುಕುವವರು!

ಇಲ್ಲಿ ಸಿಟಿ ಬಸ್ಸಿನಂತೆ ದೋಣಿಯೂ ಓಡಾಡುತ್ತದೆ. ಅದರಲ್ಲಿ ಯೂರ್‌ಗೋರ್ಡನ್ ದ್ವೀಪಕ್ಕೆ ಹೋಗಿ ಇಳಿದೆವು. ಅಲ್ಲಿದೆ ವಾಸಾ ಮ್ಯೂಸಿಯಂ. ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ ಎಂದು ತಿಳಿದು ಐದನೇ ಕ್ಲಾಸಿನ ನನ್ನ ಮೊಮ್ಮಗ ಬೀಗಿದ.

ಒಳಗೆ ಮಬ್ಬು ಬೆಳಕು. ಕಣ್ಣು ಹೊಂದಿಕೊಂಡ ಮೇಲೆ ಎದುರಿಗೆ ಒಂದು ಇಡೀ ಹಡಗು! 69 ಮೀಟರ್ ಉದ್ದ. ನಮ್ಮ ಸಿಟಿ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಆರು ಬಸ್ಸು. ಓಕ್ ಮರದ ಮೈ ಈಗ ಕಪ್ಪಾಗಿದೆ. ಅದರ ತುಂಬ ಸಿಂಹಗಳು, ವೀರರು, ನೂರಾರು ಕೆತ್ತನೆಗಳು. ಮೊದಲು ಅವಕ್ಕೆಲ್ಲ ಢಾಳಾದ ಬಣ್ಣ ಬಳಿದಿದ್ದರಂತೆ, ನಮ್ಮ ದೇವಸ್ಥಾನದ ಗೋಪುರಕ್ಕೆ ಬಳಿಯುವ ಹಾಗೆ.

ಮಕ್ಕಳೇ, ಇದರ ಕಥೆ ಕೇಳಿ. ರಾಜ ಎರಡನೆಯ ಗುಸ್ತಾವ್ ಅಡಾಲ್ಫ್ ದೂರದಲ್ಲಿ ಯುದ್ಧದಲ್ಲಿದ್ದ. ದೊಡ್ಡ ಯುದ್ಧನೌಕೆ ಬೇಕು, ಬೇಗ ಬೇಕು ಎಂದು ಅವನ ಒತ್ತಾಯ. ಎರಡು ಅಂತಸ್ತಿನಲ್ಲಿ ತೋಪುಗಳು, ಒಟ್ಟು 64. ಕಟ್ಟುತ್ತಿದ್ದ ಮೇಸ್ತ್ರಿ ಕೆಲಸ ಮುಗಿಯುವ ಮೊದಲೇ ತೀರಿಕೊಂಡ. ಹಡಗು ಮೇಲ್ಭಾಗದಲ್ಲಿ ಭಾರವಾಯಿತು. ಹರಿಗೋಲಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರೂ ತಳದಲ್ಲಿ ಕೂತಿದ್ದರೆ ಸರಿ. ನಾಲ್ಕು ಜನ ಎದ್ದು ನಿಂತರೆ ಅಂಬಿಗ ಬೈಯುತ್ತಾನೆ.

ಹೊರಡುವ ಮೊದಲು ಒಂದು ಪರೀಕ್ಷೆ ನಡೆಯಿತು. 30 ಮಂದಿ ಹಡಗಿನ ಈ ಅಂಚಿನಿಂದ ಆ ಅಂಚಿಗೆ ಒಟ್ಟಾಗಿ ಓಡಬೇಕು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ತೂಗಾಡಿತೆಂದರೆ, ನೋಡುತ್ತಿದ್ದ ನೌಕಾಪಡೆಯ ಅಧಿಕಾರಿ ‘ಸಾಕು, ನಿಲ್ಲಿಸಿ’ ಎಂದುಬಿಟ್ಟ. ಪರೀಕ್ಷೆ ನಿಂತಿತು. ಪ್ರಯಾಣ ನಿಲ್ಲಲಿಲ್ಲ.

1628ರ ಆಗಸ್ಟ್ 10ರಂದು ವಾಸಾ ಹೊರಟಿತು. ಬೀಳ್ಕೊಡಲು ಊರಿಗೆ ಊರೇ ನೆರೆದಿತ್ತು. ಮೊದಲ ಪ್ರಯಾಣವಲ್ಲವೇ, ನಾವಿಕರ ಹೆಂಡತಿ ಮಕ್ಕಳಿಗೂ ಸ್ವಲ್ಪ ದೂರ ಜೊತೆಗೆ ಹೋಗುವ ಅವಕಾಶವಿತ್ತು. ಸುಮಾರು 1300 ಮೀಟರ್ ಹೋಗಿರಬಹುದು. ಬೀಸಿ ಬಂದ ಗಾಳಿಗೆ ಹಡಗು ವಾಲಿತು. ತೋಪಿನ ಕಿಂಡಿಗಳು ತೆರೆದಿದ್ದವು. ಕೆಳಗಿನ ಸಾಲಿನಿಂದ ನೀರು ನುಗ್ಗಿತು. ದಡದವರ ಕಣ್ಣೆದುರೇ ಮುಳುಗಿತು. ಸತ್ತವರು ಸುಮಾರು 30 ಮಂದಿ. ಕೆಲವರ ಅಸ್ಥಿಪಂಜರಗಳು ಮ್ಯೂಸಿಯಮಿನಲ್ಲೇ ಇವೆ. ತಲೆಬುರುಡೆಯ ಆಕಾರದಿಂದ ಅವರ ಮುಖಗಳನ್ನೂ ಮತ್ತೆ ಮಾಡಿಟ್ಟಿದ್ದಾರೆ. ಆ ಮುಖಗಳ ಮುಂದೆ ನನ್ನ ಹೆಂಡತಿ ಬಹಳ ಹೊತ್ತು ನಿಂತಿದ್ದಳು.

‘ತಾತ, ಹಡಗು ಸರಿಯಿಲ್ಲ ಅಂತ ಗೊತ್ತಿತ್ತಲ್ಲ, ರಾಜನಿಗೆ ಯಾಕೆ ಯಾರೂ ಹೇಳಲಿಲ್ಲ?’ ಎಂದ ಮೊಮ್ಮಗ.

‘ರಾಜ ಊರಲ್ಲಿರಲಿಲ್ಲ ಕಣೋ.’

‘ಪತ್ರ ಬರೀಬಹುದಿತ್ತಲ್ಲ?’

ಬರೆಯಬಹುದಿತ್ತು. ಆಮೇಲೆ ವಿಚಾರಣೆಯೇನೋ ನಡೆಯಿತು. ಕ್ಯಾಪ್ಟನ್ನನ್ನು ಕೇಳಿದರು, ಕಟ್ಟಿದವರನ್ನು ಕೇಳಿದರು. ಅಳತೆಗೆ ಒಪ್ಪಿಗೆ ಕೊಟ್ಟವನು ಸ್ವತಃ ರಾಜ, ಮೇಸ್ತ್ರಿ ಬದುಕಿಲ್ಲ. ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

ನನಗೆ ಬೆರಗೆನಿಸಿದ್ದು ಬೇರೊಂದು ಸಣ್ಣ ವಸ್ತು. ಬಡಗಿಗಳ ನಾಲ್ಕು ಅಳತೆಪಟ್ಟಿಗಳು ಹಡಗಿನಲ್ಲಿ ಸಿಕ್ಕಿವೆ. ಎರಡು ಸ್ವೀಡನ್ನಿನ ಅಡಿಯವು, ಅಡಿಗೆ 12 ಅಂಗುಲ. ಇನ್ನೆರಡು ಆಮ್‌ಸ್ಟರ್‌ಡ್ಯಾಮಿನ ಅಡಿಯವು, ಅಡಿಗೆ 11 ಅಂಗುಲ! ಒಂದೇ ಹಡಗಿಗೆ ಎರಡು ಅಡಿಕೋಲು ಹಿಡಿದು ಕೆಲಸ ಮಾಡಿದ್ದಾರೆ.

333 ವರ್ಷ ವಾಸಾ ನೀರಡಿಯಲ್ಲಿತ್ತು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕುವುದಿಲ್ಲ; ಅದಕ್ಕೇ ಮರ ಉಳಿಯಿತು. 1956ರಲ್ಲಿ ಆಂಡರ್ಸ್ ಫ್ರಾನ್ಸೆನ್ ಎಂಬವರು ಇದನ್ನು ಹುಡುಕಿದರು. 1961ರ ಏಪ್ರಿಲ್ 24ರಂದು ಮೇಲೆತ್ತಿದರು. ಎತ್ತಿದ್ದು ಒಂದು ಸಾಹಸವಾದರೆ ಉಳಿಸಿದ್ದು ಇನ್ನೊಂದು. ನೆನೆದ ಮರ ಒಮ್ಮೆಲೇ ಒಣಗಿದರೆ ಸೀಳಿ, ಸುರುಟಿ ಹೋಗುತ್ತದೆ. ಅದಕ್ಕಾಗಿ ಮೇಣದಂಥ ಒಂದು ರಾಸಾಯನಿಕವನ್ನು 17 ವರ್ಷ ಸಿಂಪಡಿಸಿದರು. ಈಚೆಗೆ ತುಕ್ಕು ಹಿಡಿದ ಐದು ಸಾವಿರಕ್ಕೂ ಹೆಚ್ಚು ಬೋಲ್ಟುಗಳನ್ನು ಬದಲಾಯಿಸಿದ್ದಾರೆ. ರಾಜನ ಅವಸರಕ್ಕೆ ಸಿಕ್ಕಿ ಮುಳುಗಿದ ಹಡಗಿಗೆ ಈಗ ಎಷ್ಟು ಸಾವಧಾನದ ಆರೈಕೆ ನೋಡಿ!

ಮರುದಿನ ಹಳೇ ಪೇಟೆ, ಗಾಮ್ಲಾ ಸ್ತಾನ್. ಕಲ್ಲು ಹಾಸಿದ ಬೀದಿಗಳು, ಅರಮನೆ, ಕಾವಲುಗಾರರ ಪಾಳಿ ಬದಲಾವಣೆ. ಒಂದು ಓಣಿಯ ಅಗಲವಂತೂ ಒಂದು ಕಡೆ 90 ಸೆಂಟಿಮೀಟರ್ ಮಾತ್ರ. ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಅಂಟಿಕೊಳ್ಳಬೇಕು.

ಅಲ್ಲೇ ಫಿನ್ನಿಶ್ ಚರ್ಚಿನ ಹಿಂದಿನ ಅಂಗಳದಲ್ಲಿ ಒಬ್ಬ ಹುಡುಗ ಮೊಣಕಾಲು ತಬ್ಬಿ ಕೂತು ಚಂದ್ರನನ್ನು ನೋಡುತ್ತಿದ್ದಾನೆ. ಕಬ್ಬಿಣದ ಹುಡುಗ, ಎತ್ತರ 15 ಸೆಂಟಿಮೀಟರ್, ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಷ್ಟು. ಲಿಸ್ ಎರಿಕ್ಸನ್ ಎಂಬ ಶಿಲ್ಪಿ ಮಾಡಿದ್ದು. ಬಂದವರೆಲ್ಲ ತಲೆ ಸವರಿ ಸವರಿ ನೆತ್ತಿ ಹೊಳೆಯುತ್ತದೆ. ಚಳಿಗಾಲದಲ್ಲಿ ಅವನಿಗೆ ಉಣ್ಣೆಯ ಟೊಪ್ಪಿ, ಮಫ್ಲರ್ ಹೆಣೆದು ತೊಡಿಸುತ್ತಾರಂತೆ.

ಇದನ್ನು ಕೇಳಿದ್ದೇ ತಡ, ನನ್ನ ಹೆಂಡತಿ ಬಗ್ಗಿ ಎರಡು ಬೆರಳು ಸುತ್ತಿ ಅವನ ತಲೆಯ ಅಳತೆ ತೆಗೆದುಕೊಂಡಳು. ‘ಯಾವ ಅಡಿಕೋಲಿನ ಲೆಕ್ಕ ಅಜ್ಜಿ, ಹನ್ನೆರಡರದ್ದೋ ಹನ್ನೊಂದರದ್ದೋ?’ ಎಂದು ಮೊಮ್ಮಗ ಕೇಳಿದ. ಅವಳು ಅವನ ನೆತ್ತಿಯನ್ನೂ ಒಮ್ಮೆ ಸವರಿದಳು, ಸ್ವಲ್ಪ ಜೋರಾಗಿಯೇ.