ಪುಕ್ಕಟೆ ಕೀಲಿ ನಮ್ಮ ಕೀಲಿಯಲ್ಲ

ಸೇಡಂನ ಒಂದು ಕೋಣೆಯಲ್ಲಿ, ಶಹಾಬಾದಿ ಫರ್ಸಿಯ ನೆಲದ ಮೇಲೆ, ಒಂದು ಹಳೆಯ ಕಂಪ್ಯೂಟರ್ ಹಗಲು ರಾತ್ರಿ ಓಡುತ್ತದೆ. ಪಕ್ಕದಲ್ಲಿ ಯುಪಿಎಸ್. ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಓಡಾಡಿ ನಾವು ತಂದ ಧ್ವನಿಮುದ್ರಣ, ಫೋಟೊ, ಗ್ರಾಮಸಭೆಯ ಟಿಪ್ಪಣಿಗಳೆಲ್ಲ ಅದರೊಳಗಿವೆ. ಕಲ್ಲುಗಣಿ ಕಾರ್ಮಿಕರ ಮಾತಿದೆ, ತೊಗರಿ ಬೆಳೆದವರ ಸಾಲದ ಲೆಕ್ಕವಿದೆ. ಅವರು ನಮ್ಮನ್ನು ನಂಬಿ ಹೇಳಿದ್ದು ಅದು. ಈಚೆಗೆ ಆ ಯಂತ್ರವನ್ನು ವಿಎಂವೇರ್‌ನ ಇಎಸ್‌ಎಕ್ಸ್‌ಐನಿಂದ ಪ್ರಾಕ್ಸ್‌ಮಾಕ್ಸ್‌ಗೆ ಬದಲಿಸಿದೆವು. “ನಡೀಲಕತ್ತದಲ್ಲ, ಯಾಕ ಮುಟ್ಟತೀರಿ?” ಎಂದು ನಮ್ಮವರೇ ಕೇಳಿದರು. ಆ ಪ್ರಶ್ನೆಗೆ ಉತ್ತರ ಈ ಬರಹ.

ತಿಳಿಯದವರಿಗೆ ಒಂದು ಮಾತು. ಒಂದೇ ವಾಡೆಯಲ್ಲಿ ಮೂರ್ನಾಲ್ಕು ಸಂಸಾರ ಇರುವಂತೆ, ಒಂದೇ ಯಂತ್ರದಲ್ಲಿ ಹಲವು ಕಂಪ್ಯೂಟರ್‌ಗಳನ್ನು ನಡೆಸಬಹುದು. ಅವೇ ವರ್ಚುವಲ್ ಮಷೀನ್‌ಗಳು. ಅವುಗಳಿಗೆ ಜಾಗ, ಮೆಮೊರಿ ಹಂಚಿಕೊಡುವ ತಂತ್ರಾಂಶ ಹೈಪರ್‌ವೈಸರ್. ನಮ್ಮಲ್ಲಿ ಒಂದು ಮಷೀನ್ ಫೈಲುಗಳಿಗೆ, ಒಂದು ನಮ್ಮ ಬರಹಗಳ ಕರಡಿಗೆ, ಇನ್ನೊಂದರಲ್ಲಿ ವಿಂಡೋಸ್ 7. ಹಳೆಯ ನುಡಿ, ಶ್ರೀಲಿಪಿ ಅಕ್ಷರದ ಫೈಲುಗಳನ್ನು ಓದಲು ಅದು ಬೇಕು.

ಈಗ ವಿಷಯಕ್ಕೆ ಬರೋಣ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡಿತು. ಡಿಸೆಂಬರ್‌ನಲ್ಲಿ ಒಮ್ಮೆ ಕೊಂಡು ಶಾಶ್ವತವಾಗಿ ಬಳಸುವ ಪರವಾನಗಿಗಳ ಮಾರಾಟ ನಿಲ್ಲಿಸಿ, ಚಂದಾ ಪದ್ಧತಿ ತಂದಿತು. 2024ರ ಫೆಬ್ರುವರಿಯಲ್ಲಿ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿಯನ್ನೂ ನಿಲ್ಲಿಸಿತು. ಮನೆಯಲ್ಲಿ ಸರ್ವರ್ ಇಟ್ಟುಕೊಂಡು ಕಲಿಯುತ್ತಿದ್ದ ಜಗತ್ತಿನ ಎಷ್ಟೋ ಜನ ಬೇರೆ ದಾರಿ ಹುಡುಕಿದರು. 2025ರ ಏಪ್ರಿಲ್‌ನಲ್ಲಿ ಉಚಿತ ಆವೃತ್ತಿ ಮತ್ತೆ ಬಂತು.

“ಬಂತಲ್ಲ, ಇನ್ನೇನು ತಕರಾರು?” ಎನ್ನುವವರಿಗೆ ಹೇಳುತ್ತೇವೆ: ತಕರಾರು ಇರುವುದೇ ಅಲ್ಲಿ. ಹೋದಾಗ ನಮ್ಮನ್ನು ಕೇಳಲಿಲ್ಲ, ಬಂದಾಗಲೂ ಕೇಳಲಿಲ್ಲ. ಕಂಪನಿ ತಪ್ಪು ಮಾಡಿತು ಎಂದು ನಾವು ಹೇಳುತ್ತಿಲ್ಲ. ಅದು ಅವರ ಸರಕು. ತಪ್ಪು ನಮ್ಮದು. ಪುಕ್ಕಟೆ ಸಿಕ್ಕ ಕೀಲಿಯನ್ನು ನಮ್ಮದೇ ಕೀಲಿ ಎಂದು ನಂಬಿ, ಊರವರ ಮಾತನ್ನೆಲ್ಲ ಆ ಬೀಗದ ಹಿಂದೆ ಇಟ್ಟೆವು. ಆ ಉಚಿತ ಆವೃತ್ತಿಯಲ್ಲಿ ಬ್ಯಾಕಪ್ ತಂತ್ರಾಂಶಗಳಿಗೆ ಬೇಕಾದ ಬಾಗಿಲು ಮುಚ್ಚಿತ್ತು. ಅದನ್ನೂ ನಾವು ಗಮನಿಸಿರಲಿಲ್ಲ.

ಪ್ರಾಕ್ಸ್‌ಮಾಕ್ಸ್ ಕೂಡ ಕಂಪನಿಯದೇ, ಆಸ್ಟ್ರಿಯಾದ ವಿಯೆನ್ನಾದ್ದು. ಚಂದಾ ಕಟ್ಟಿಲ್ಲ ಎಂದು ಲಾಗಿನ್ ಆದಾಗ ನೆನಪಿಸುತ್ತದೆ. ನಾಳೆ ಅವರೂ ಮನಸ್ಸು ಬದಲಿಸಬಹುದು. ಆದರೆ ಅದರ ಮೂಲ ಕೋಡ್ ಎಜಿಪಿಎಲ್ ಪರವಾನಗಿಯಲ್ಲಿ ಬಯಲಾಗಿದೆ. ಕೆಳಗೆ ಕೆಲಸ ಮಾಡುವ ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಕಂಪನಿ ಹೋದರೂ ಈಗಾಗಲೇ ಕೊಟ್ಟದ್ದನ್ನು ಹಿಂದಕ್ಕೆ ಕಸಿಯಲಾಗದು. ನಮಗೆ ಬೇಕಾದದ್ದು ಇಷ್ಟೇ.

ಸ್ಥಳಾಂತರ ಸಲೀಸಾಗಿ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. 2024ರ ಮಾರ್ಚ್‌ನಲ್ಲಿ ಪ್ರಾಕ್ಸ್‌ಮಾಕ್ಸ್‌ಗೆ ಇಎಸ್‌ಎಕ್ಸ್‌ಐನಿಂದ ನೇರವಾಗಿ ಮಷೀನ್‌ಗಳನ್ನು ತರಿಸಿಕೊಳ್ಳುವ ಸೌಲಭ್ಯ ಬಂದಿದೆ. ನಾವು ಜಾಣರಾಗಲು ಹೋಗಿ ಡಿಸ್ಕ್ ಫೈಲನ್ನು ಕೈಯಾರೆ ನಕಲು ಮಾಡಿದೆವು. ಹಳೆಯ ಸ್ನ್ಯಾಪ್‌ಶಾಟ್ ಒಂದು ಹಾಗೇ ಉಳಿದಿತ್ತು. ಅದರ ನಂತರದ ಬರಹವೆಲ್ಲ ಬೇರೆ ಫೈಲಿನಲ್ಲಿ ಕೂತಿರುತ್ತದೆ ಎಂಬುದು ಮರೆತಿತ್ತು. ಹೊಸ ಕಡೆ ಮಷೀನ್ ತೆರೆದರೆ ತಿಂಗಳುಗಟ್ಟಲೆ ಹಿಂದಿನ ಸ್ಥಿತಿ! ಚಿಂಚೋಳಿಯ ಧ್ವನಿಮುದ್ರಣ ಒಂದೂ ಕಾಣಲಿಲ್ಲ. ಹಳೆಯ ಡಿಸ್ಕ್ ಅಳಿಸದೆ ಎತ್ತಿಟ್ಟಿದ್ದೆವು, ಅದರಿಂದ ಬಚಾವಾದೆವು. ವಿಂಡೋಸ್ 7 ನೀಲಿ ಪರದೆ ತೋರಿಸಿ ಕೂತಿತು. ಡಿಸ್ಕನ್ನು ಸಾಟಾ ಎಂದು ಜೋಡಿಸಿ, ವರ್ಟ್‌ಐಒ ಡ್ರೈವರ್ ಹಾಕಿದ ಮೇಲೆ ಎದ್ದಿತು. ಲಿನಕ್ಸ್ ಮಷೀನ್‌ಗಳಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ, ಸೆಟ್ಟಿಂಗ್ ತಿದ್ದಬೇಕಾಯಿತು.

ಆದ್ದರಿಂದ ಬದಲಿಸುವವರು ಮೊದಲು ಸ್ನ್ಯಾಪ್‌ಶಾಟ್‌ಗಳನ್ನು ವಿಲೀನಗೊಳಿಸಿ. ವಿಎಂವೇರ್ ಟೂಲ್ಸ್ ತೆಗೆಯಿರಿ. ಮಷೀನ್ ಪೂರ್ತಿ ಆಫ್ ಮಾಡಿ ಸಾಗಿಸಿ. ಹೊಸದು ಒಂದು ತಿಂಗಳು ಸರಿಯಾಗಿ ಓಡುವ ತನಕ ಹಳೆಯ ಡಿಸ್ಕ್ ಮುಟ್ಟಬೇಡಿ.

“ಇಷ್ಟೆಲ್ಲ ಗೋಳು ಯಾಕೆ, ಕ್ಲೌಡ್‌ಗೆ ಹಾಕಿಬಿಡಿ” ಎಂಬ ಸಲಹೆಯೂ ಬಂತು. ಒಂದು ಪ್ರತಿಯನ್ನು, ಬೀಗ ಹಾಕಿ, ಅಲ್ಲಿಡಬಹುದು. ಆದರೆ ಹೆಸರು ಹೇಳಬೇಡಿ ಎಂದು ಕೈಮುಗಿದು ಮಾತಾಡಿದವರ ಧ್ವನಿಯ ಏಕೈಕ ಪ್ರತಿಯನ್ನು ನಾವು ನೋಡದ ಊರಿನ ಯಂತ್ರದಲ್ಲಿಟ್ಟು, ಅದರ ನಿಯಮ ಬದಲಾದಾಗ ಯಾರನ್ನು ಕೇಳುವುದು? ಪತ್ರಿಕೋದ್ಯಮದ ತರಗತಿಯಲ್ಲಿ ಮೂಲವನ್ನು ಕಾಪಾಡಿ ಎಂದು ಕಲಿಸಿದರು. ಅದನ್ನು ಎಲ್ಲಿ, ಯಾವ ಫೈಲಿನಲ್ಲಿ ಇಡಬೇಕು ಎಂದು ಕಲಿಸಲಿಲ್ಲ. ಹಳೆಯ ಫಾಂಟಿನ ಫೈಲು ತೆರೆದು ಕನ್ನಡದ ಬದಲು ಗೀಚುಗಳನ್ನು ಕಂಡವರಿಗಾದರೂ ಈ ಪಾಠ ಹೊಸದಲ್ಲ.

ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದಾಗ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಕಲ್ಲನ್ನು ಯಾರೋ ಕೊರೆದು ಬೇರೆ ಕೆಲಸಕ್ಕೆ ಬಳಸಿದ್ದರು. ಆದರೂ ಉಳಿದ ಅಕ್ಷರ ಓದಲು ಯಾರ ಪರವಾನಗಿಯೂ ಬೇಕಾಗಲಿಲ್ಲ. ನಮ್ಮ ಡಿಸ್ಕ್ ಎರಡು ಸಾವಿರ ವರ್ಷ ಬಾಳುವುದಿಲ್ಲ, ಹತ್ತು ವರ್ಷ ಬಾಳಿದರೆ ದೊಡ್ಡದು. ಆ ಹತ್ತು ವರ್ಷವಾದರೂ ನಮ್ಮ ಜನರ ಮಾತನ್ನು ತೆರೆಯುವ ಕೀಲಿ ನಮ್ಮ ಕೈಯಲ್ಲಿರಲಿ.

ನಡೀಲಕತ್ತದ, ಖರೆ. ನಡೆಯುತ್ತಿರುವಾಗಲೇ ಸಾಗಿಸಬೇಕು. ನಿಂತ ಮೇಲೆ ಸಾಗಿಸಲು ಏನೂ ಉಳಿದಿರುವುದಿಲ್ಲ.