ಸೈಕಲ್ಲಿಗೆ ಸಾಕಾಗುವಷ್ಟು ದಾರಿ



ಮಳೆಗಾಲ ಮುಗಿದು ಹೊಲಗಳ ಮೇಲೆ ಇಬ್ಬನಿ ಇಳಿಯತೊಡಗಿತೆಂದರೆ, ಭಾನುವಾರದ ಬೆಳಗ್ಗೆ ಅಮೃತಾಪುರದ ಅಮೃತೇಶ್ವರ ದೇವಾಲಯದ ಹೊರಗೋಡೆಯ ಬಳಿ ನಾಲ್ಕಾರು ಸೈಕಲ್ಲುಗಳು ನಿಂತಿರುವುದನ್ನು ಕಾಣಬಹುದು. ಶಿವಮೊಗ್ಗೆಯಿಂದಲೋ ಭದ್ರಾವತಿಯಿಂದಲೋ ನಸುಕಿನಲ್ಲೇ ಹೊರಟು ಬಂದವರ ಸೈಕಲ್ಲುಗಳವು. ಸೋಮವಾರ ಅದೇ ದಾರಿಯಲ್ಲಿ ಬೇರೆ ಸೈಕಲ್ಲುಗಳು ಸಾಗುತ್ತವೆ. ಒಂದರ ಹಿಂಬದಿಗೆ ಹಾಲಿನ ಕ್ಯಾನು, ಇನ್ನೊಂದರ ಮೇಲೆ ದನಕ್ಕೆ ಕೊಯ್ದ ಹಸಿಹುಲ್ಲಿನ ಹೊರೆ, ಮತ್ತೊಂದರ ಹ್ಯಾಂಡಲ್ಲಿಗೆ ತೂಗುಬಿದ್ದ ಶಾಲೆಯ ಚೀಲ. ಒಬ್ಬರಿಗೆ ಅದು ವ್ಯಾಯಾಮ ಮತ್ತು ಸಂತೋಷ. ಇನ್ನೊಬ್ಬರಿಗೆ ನಿತ್ಯದ ಬದುಕು. ಆದರೆ ಇಬ್ಬರಿಗೂ ಬೇಕಾದ ದಾರಿ ಒಂದೇ: ನೆರಳಿರುವ, ಗುಂಡಿಯಿಲ್ಲದ, ಲಾರಿ ಕಾರುಗಳು ಮೈಮೇಲೆ ಬಾರದ ಸಣ್ಣ ದಾರಿ. ಅಂಥ ದಾರಿ ನಮ್ಮ ಸೀಮೆಯಲ್ಲಿ ಇನ್ನೆಷ್ಟು ಕಾಲ ಉಳಿದೀತು ಎಂಬುದೇ ಈ ಸಲದ ನಮ್ಮ ಚಿಂತೆ.

ತರೀಕೆರೆ ಸೀಮೆ ಮಲೆನಾಡು ಮತ್ತು ಬಯಲುಸೀಮೆಗಳು ಸಂಧಿಸುವ ನೆಲ. ಸೈಕಲ್ಲು ತುಳಿಯುವವನಿಗೆ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಅವನ ಕಾಲುಗಳಿಗೇ ತಿಳಿಯುತ್ತದೆ. ಅಮೃತಾಪುರದಿಂದ ಮೂರು ದಿಕ್ಕಿಗೆ ಹೊರಟರೆ ಮೂರು ಬಗೆಯ ನಾಡು ಎದುರಾಗುತ್ತದೆ.

ಪಡುವಣಕ್ಕೆ ಹೊಳೆಯ ದಾರಿ. ತರೀಕೆರೆಯಿಂದ ಸುಮಾರು 20 ಕಿಲೋಮೀಟರು ಸಾಗಿದರೆ ಲಕ್ಕವಳ್ಳಿ. 186 ಅಡಿಗಳವರೆಗೆ ನೀರು ನಿಲ್ಲಿಸಿಕೊಳ್ಳುವ ಭದ್ರಾ ಜಲಾಶಯ ಇರುವುದು ಇಲ್ಲಿಯೇ. ಅಣೆಕಟ್ಟಿನ ಕೆಳಗೆ ಬಿ.ಆರ್. ಪ್ರಾಜೆಕ್ಟು, ಅದರಾಚೆ ಕುವೆಂಪು ವಿಶ್ವವಿದ್ಯಾನಿಲಯ ನೆಲೆಸಿರುವ ಶಂಕರಘಟ್ಟ. ಅಲ್ಲಿಂದ ಗದ್ದೆ, ತೋಟ, ನಾಲೆಗಳ ನಡುವೆ ಭದ್ರಾವತಿಯ ಕಡೆಗೆ ಇಳಿಯಬಹುದು. ಏರು ಹೆಚ್ಚಿಲ್ಲದ ಈ ದಾರಿ ಹೊಸದಾಗಿ ಸೈಕಲ್ಲು ಹಿಡಿದ ವಿದ್ಯಾರ್ಥಿಗೂ ಒಗ್ಗುವಂಥದು.

ಮೂಡಣಕ್ಕೆ ಅಜ್ಜಂಪುರದ ಕಡೆಗೆ ಹೊರಟರೆ ತೋಟಗಳು ಹಿಂದೆ ಸರಿದು ಆಕಾಶ ಅಗಲವಾಗುತ್ತದೆ. ಅಲೆಯಲೆಯಾಗಿ ಏರಿಳಿಯುವ ಬಯಲು, ಎದುರುಗಾಳಿ, ಹುಲ್ಲಿನ ಕಾವಲುಗಳು. ಅಮೃತಮಹಲ್ ರಾಸುಗಳ ತಳಿಯನ್ನು ಕಾಪಾಡುತ್ತ ಬಂದ ಕೇಂದ್ರ ಅಜ್ಜಂಪುರದಲ್ಲಿದೆ. ಹುಲ್ಲುಗಾವಲನ್ನು ಬಂಜರೆಂದು ಕರೆಯುವ ಅಭ್ಯಾಸ ನಮ್ಮ ಕಂದಾಯದ ಭಾಷೆಗೆ ಅಂಟಿಕೊಂಡಿದೆ. ಆದರೆ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಬೇಕಾಯಿತು. ಏಕೆಂದರೆ ಅದು ಕೃಷ್ಣಮೃಗಗಳ ನೆಲೆ. ಕಾರಿನ ಕಿಟಕಿಯಿಂದ ಖಾಲಿಯಾಗಿ ಕಾಣುವ ನೆಲ, ಸೈಕಲ್ಲಿನ ವೇಗದಲ್ಲಿ ಸಾಗುವವನಿಗೆ ಹಕ್ಕಿಯ ದನಿಗಳಿಂದ ತುಂಬಿದ ನೆಲವಾಗುತ್ತದೆ.

ತೆಂಕಣಕ್ಕೆ ಘಟ್ಟದ ದಾರಿ. ಲಿಂಗದಹಳ್ಳಿ ದಾಟಿ, ವೀರಭದ್ರನ ಗುಡಿಯ ಬಳಿ ನೀರು ಧುಮುಕುವ ಕಲ್ಲತ್ತಗಿರಿಯನ್ನು ಹಾದು ಕೆಮ್ಮಣ್ಣುಗುಂಡಿಗೆ ಏರುವ ದಾರಿ. ತರೀಕೆರೆ ಇರುವುದು ಸುಮಾರು 700 ಮೀಟರು ಎತ್ತರದಲ್ಲಿ. ಕೆಮ್ಮಣ್ಣುಗುಂಡಿ 1,434 ಮೀಟರು. ಅಂದರೆ ಒಂದೇ ಬೆಳಗಿನಲ್ಲಿ ಎತ್ತರ ಇಮ್ಮಡಿಯಾಗುತ್ತದೆ. ಒಂದು ಕಾಲದಲ್ಲಿ ಈ ಬೆಟ್ಟದ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಾಗುತ್ತಿತ್ತು. ಬೆಟ್ಟದ ಮೈಮೇಲೆ ಅಗೆತದ ಗಾಯ ಹೇಗಿರುತ್ತದೆಂಬುದನ್ನು ಈ ಏರಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ನೋಡಬಹುದು.

ಈ ಮೂರು ದಾರಿಗಳು ಚೆಲುವಾಗಿರುವುದಕ್ಕೆ ಒಂದು ಸಾಮಾನ್ಯ ಕಾರಣವಿದೆ. ಇವುಗಳ ಬಹುಭಾಗ ಇನ್ನೂ ಸಣ್ಣದಾಗಿದೆ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆಗಳಿಗೆ ಸಾಮಾನ್ಯವಾಗಿ ಇಟ್ಟ ಅಗಲ 3.75 ಮೀಟರು. ಒಂದು ಬಸ್ಸು ಹೋಗುತ್ತದೆ. ಎದುರಿಗೆ ಇನ್ನೊಂದು ವಾಹನ ಬಂದರೆ ಇಬ್ಬರೂ ನಿಧಾನಿಸಿ ಅಂಚಿಗೆ ಇಳಿಯಬೇಕು. ಈ ನಿಧಾನವನ್ನು ಕೊರತೆಯೆಂದು ನಾವು ಭಾವಿಸುತ್ತೇವೆ. ಆದರೆ ದಾರಿ ದಾಟುವ ಅಜ್ಜಿಯನ್ನು, ಮೇವಿಗೆ ಹೋಗುವ ದನವನ್ನು, ಶಾಲೆಗೆ ಹೊರಟ ಮಗುವನ್ನು ಕಾಯುತ್ತಿರುವುದು ಈ ನಿಧಾನವೇ. ರಸ್ತೆ ಅಗಲವಾದಷ್ಟೂ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಷ್ಟೂ ಮೊದಲು ಮಾಯವಾಗುವುದು ಸೈಕಲ್ಲು.

ಇದು ಊಹೆಯ ಮಾತಲ್ಲ. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ಚತುಷ್ಪಥಗೊಳಿಸುವ ಕೆಲಸದಲ್ಲಿ ನಮ್ಮ ಕಣ್ಣೆದುರೇ ಹಳೆಯ ಸಾಲುಮರಗಳು ಉರುಳಿವೆ. ದೂರದ ಊರುಗಳನ್ನು ಬೆಸೆಯುವ ಹೆದ್ದಾರಿಗೆ ಅದರದೇ ಅಗತ್ಯವಿರಬಹುದು. ಆದರೆ ಹೆದ್ದಾರಿಯ ಅಳತೆಯನ್ನು ಹಳ್ಳಿಯ ದಾರಿಗೂ ತರುವ ಉತ್ಸಾಹಕ್ಕೆ ಕೊನೆಯೆಲ್ಲಿ? ಹುಲಿಕಲ್–ಕುದೂರು ದಾರಿಯಲ್ಲಿ ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ ಕೂಡ 2019ರಲ್ಲಿ, ರಸ್ತೆ ವಿಸ್ತರಣೆಯಿಂದ ತಮ್ಮ ಮರಗಳನ್ನು ಉಳಿಸಿಕೊಡಿರೆಂದು ಮುಖ್ಯಮಂತ್ರಿಯವರಲ್ಲಿ ಮೊರೆಯಿಡಬೇಕಾಯಿತು. ನಾಡೆಲ್ಲ ಬಲ್ಲ ಮರಗಳಿಗೇ ಈ ಭಯವಾದರೆ, ಹೆಸರಿಲ್ಲದ ನಮ್ಮ ಹುಣಸೆ, ಹೊಂಗೆ, ನೇರಳೆಗಳ ಗತಿಯೇನು? 2025ರಲ್ಲಿ ತಿಮ್ಮಕ್ಕ ನಮ್ಮನ್ನಗಲಿದಾಗ ಎಲ್ಲರೂ ಶ್ರದ್ಧಾಂಜಲಿ ಸಲ್ಲಿಸಿದೆವು. ನಮ್ಮೂರಿನ ದಾರಿಯ ಮರದ ಪರವಾಗಿ ನಿಲ್ಲುವುದು ಅದಕ್ಕಿಂತ ಕಷ್ಟದ ಕೆಲಸ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ನಗರದಲ್ಲಿ ಅಗಲವಾದ ರಸ್ತೆಯ ಸುಖ ಉಂಡವರು ಹಳ್ಳಿಯ ದಾರಿ ಮಾತ್ರ ಚಿತ್ರದಂತೆ ಉಳಿಯಲಿ ಎನ್ನುವುದು ಸರಿಯೇ? ಹೆರಿಗೆಯ ನೋವು ತಿನ್ನುತ್ತಿರುವ ಹೆಂಗಸನ್ನು ಕರೆದೊಯ್ಯುವ ಆಂಬುಲೆನ್ಸ್ ಗುಂಡಿಯಲ್ಲಿ ಸಿಕ್ಕಿಕೊಳ್ಳಬೇಕೇ? ಅಡಿಕೆ, ತೆಂಗು ಮಂಡಿಗೆ ಹೋಗುವುದು ಬೇಡವೇ? ಖಂಡಿತ ಬೇಕು. ಆದ್ದರಿಂದಲೇ ನಾವು ಹೇಳುವುದು ಇಷ್ಟು: ದಾರಿ ಗಟ್ಟಿಯಾಗಲಿ. ಮಳೆಯ ನೀರು ಹರಿದುಹೋಗುವ ಚರಂಡಿ, ಮುರಿಯದ ಮೋರಿ, ಗುಂಡಿ ಬಿದ್ದ ತಿಂಗಳಲ್ಲೇ ಮುಚ್ಚುವ ವ್ಯವಸ್ಥೆ, ಟಾರಿನ ಅಂಚಿಗೆ ಸರಿಸಮನಾಗಿ ತುಂಬಿದ ಮಣ್ಣು, ಎದುರು ವಾಹನಕ್ಕೆ ಅಲ್ಲಲ್ಲಿ ತಂಗುಜಾಗ. ಆಂಬುಲೆನ್ಸಿಗೆ ಬೇಕಾದದ್ದೂ ಇದೇ, ಸೈಕಲ್ಲಿಗೆ ಬೇಕಾದದ್ದೂ ಇದೇ. ಇದಾವುದಕ್ಕೂ ಸಾಲುಮರ ಕಡಿಯಬೇಕಾಗಿಲ್ಲ. ಮೊದಲ ಮಳೆಗೇ ಕಿತ್ತುಹೋಗುವ ಅಗಲ ರಸ್ತೆಗಿಂತ ಹತ್ತು ಮಳೆಗಾಲ ತಾಳುವ ಕಿರಿದಾದ ರಸ್ತೆ ಹಳ್ಳಿಗೆ ಹೆಚ್ಚು ಉಪಕಾರಿ.

ಸೈಕಲ್ಲನ್ನು ಬಡವರ ವಾಹನವೆಂದು ಕೈಬಿಟ್ಟ ನಮ್ಮ ಮನಸ್ಸನ್ನೂ ಪ್ರಶ್ನಿಸಿಕೊಳ್ಳಬೇಕು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಬಸ್ಸಿಲ್ಲದ ಊರಿನ ಎಷ್ಟೋ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತಿದ್ದು ಆ ಸೈಕಲ್ಲಿನಿಂದ. ಕೊರೋನಾ ಕಾಲದಲ್ಲಿ ಆ ವಿತರಣೆ ನಿಂತುಹೋದಾಗ ನಗರಗಳಲ್ಲಿ ಯಾರೂ ಬೀದಿಗಿಳಿಯಲಿಲ್ಲ. ಭಾನುವಾರದ ಸವಾರರಿಗೆ ನಮ್ಮ ಮೊದಲ ವಿನಂತಿ ಇದೇ. ನೀವು ಮೆಚ್ಚಿ ಬರುವ ದಾರಿ ಸೋಮವಾರದ ಮಕ್ಕಳದು. ಅವರಿಗಾಗಿಯೂ ನಿಮ್ಮ ದನಿ ಕೇಳಿಸಲಿ.

ಎರಡನೆಯ ವಿನಂತಿ ಕಾಡಿಗೆ ಸಂಬಂಧಿಸಿದ್ದು. ಲಕ್ಕವಳ್ಳಿಯಾಚೆಯ ಕಾಡು 1998ರಿಂದ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಆ ಕಾಡಿನೊಳಗಿನ ಹಳ್ಳಿಗಳಲ್ಲಿದ್ದ ನೂರಾರು ಕುಟುಂಬಗಳು 2001–02ರ ವೇಳೆಗೆ ಮನೆ, ಗದ್ದೆ, ಗುಡಿಗಳನ್ನು ಬಿಟ್ಟು ಹೊರಬಂದವು. ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಇಂದು ನೆಲೆಸಿರುವ ಅನೇಕರು ಹಾಗೆ ಬಂದವರು. ತಲೆಮಾರುಗಳಿಂದ ಅಲ್ಲಿ ಉತ್ತು ಬಿತ್ತಿದವರೇ ಹೊರನಡೆದ ಕಾಡಿಗೆ, ವಾರದ ಹವ್ಯಾಸಕ್ಕಾಗಿ ಹೊಸ ಜಾಡು ಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಸೈಕಲ್ಲು ಸದ್ದು ಮಾಡುವುದಿಲ್ಲ ಎಂಬ ವಾದವೂ ಸಲ್ಲದು. ತಿರುವಿನಲ್ಲಿ ಸದ್ದಿಲ್ಲದೆ ಎದುರಾಗುವ ಸವಾರ ಆನೆಗೂ ಅಪಾಯ, ಆನೆಯಿಂದ ಅವನಿಗೂ ಅಪಾಯ. ಕಾಡಂಚಿನ ಸಾರ್ವಜನಿಕ ರಸ್ತೆಯಲ್ಲಿ ಹಗಲು ಹೊತ್ತು ಸಾಗಿ, ಮುಸ್ಸಂಜೆಗೆ ಮುನ್ನ ಊರು ಸೇರುವುದೇ ಮರ್ಯಾದೆ.

ಮೂರನೆಯದು ನಮ್ಮ ಹಳ್ಳಿಗರಿಗೆ ಹೇಳುವ ಮಾತು. ಪಕ್ಕದ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ವಾಹನಗಳ ದಟ್ಟಣೆ ಮಿತಿಮೀರಿ, 2025ರಲ್ಲಿ ಮುಂಗಡ ನೋಂದಣಿಯ ಮೂಲಕ ಅವುಗಳಿಗೆ ಕಡಿವಾಣ ಹಾಕಬೇಕಾಯಿತು. ಪ್ರವಾಸದ ಹಣ ಬೇಕು, ಆದರೆ ಬೆಟ್ಟ ಬಳಲಬಾರದು ಎಂದರೆ, ಕಾರಿನಲ್ಲಿ ಬಂದು ಪ್ಲಾಸ್ಟಿಕ್ಕು ಬಿಟ್ಟು ಹೋಗುವವನಿಗಿಂತ ಸೈಕಲ್ಲಿನಲ್ಲಿ ಬರುವವನು ಒಳ್ಳೆಯ ಅತಿಥಿ. ಅವನಿಗೆ ರೆಸಾರ್ಟು ಬೇಡ. ಒಂದು ಲೋಟ ಮಜ್ಜಿಗೆ, ಎರಡು ಇಡ್ಲಿ, ಕುಡಿಯುವ ನೀರು, ಪಂಕ್ಚರ್ ಹಾಕುವ ಅಂಗಡಿ ಸಾಕು. ಆ ಹಣ ಹಳ್ಳಿಯ ಹೋಟೆಲಿನಲ್ಲೇ ಉಳಿಯುತ್ತದೆ. ಅವನಿಗೆ ನೋಡಲು ಹೊತ್ತೂ ಇರುತ್ತದೆ. ಹೊಯ್ಸಳ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ನಮ್ಮ ದೇಗುಲದ ಗೋಡೆಯ ಮೇಲೆ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಕವಿ ಜನ್ನನ ಪದ್ಯಗಳಿರುವ ಶಾಸನ ಅಲ್ಲೇ ನಿಂತಿದೆ. ಹತ್ತು ನಿಮಿಷ ನಿಂತು ಹೊರಡುವವನಿಗೆ ಇವು ದಕ್ಕುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ವಿದ್ಯಾರ್ಥಿ ಮಿತ್ರರು ಈ ಬೇಸಿಗೆಯೊಳಗೆ ತಮ್ಮೂರಿನ ದಾರಿಯ ಮರಗಳನ್ನು ಸೈಕಲ್ಲಿನಲ್ಲೇ ಹೋಗಿ ಎಣಿಸಿ, ಜಾತಿ, ಸುತ್ತಳತೆ, ಇರುವ ಜಾಗಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಆದರೆ ಇದ್ದ ಮರಕ್ಕೆ ಲೆಕ್ಕವಿಲ್ಲದಿದ್ದರೆ ಹೋದ ಮರಕ್ಕೆ ಸಾಕ್ಷಿಯಿರುವುದಿಲ್ಲ. ಗ್ರಾಮಸ್ಥರು ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಟ್ಟು, ರಸ್ತೆಯ ಯಾವ ಕೆಲಸವೇ ಬಂದರೂ ಮೊದಲು ನಕ್ಷೆಯನ್ನು ಸಭೆಗೆ ತೋರಿಸಬೇಕೆಂದು ನಿರ್ಣಯ ಬರೆಸಲಿ. ನಗರದ ಸವಾರರು ತಾವು ಕಂಡ ಗುಂಡಿ, ಒಡೆದ ಮೋರಿ, ಕೊಡಲಿಯ ಗುರುತು ಬಿದ್ದ ಮರಗಳ ವಿವರವನ್ನು ಪಂಚಾಯಿತಿಗೆ ತಿಳಿಸಿ ಹೋಗಲಿ.

ರಸ್ತೆ ಚೆನ್ನಾಗಿದೆಯೇ ಎಂದು ಅಳೆಯಲು ಕಾರಿನ ವೇಗ ಒಂದೇ ಮಾನದಂಡವಾಗಬೇಕಿಲ್ಲ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅದರ ಮೇಲೆ ಒಂಟಿಯಾಗಿ ಸೈಕಲ್ಲು ತುಳಿದು ಶಾಲೆ ಸೇರಬಲ್ಲಳೇ, ಅವಳ ತಾಯಿ ಮನೆಯಲ್ಲಿ ನಿಶ್ಚಿಂತೆಯಿಂದ ಇರಬಲ್ಲಳೇ ಎಂದು ಕೇಳೋಣ. ಹೌದೆನ್ನುವಂತಿದ್ದರೆ ಆ ದಾರಿ ಸಾಕಷ್ಟು ಅಗಲವಾಗಿದೆ.