ಹಡಗಲಿ ಮಲ್ಲಿಗೆ: ನಾಲ್ಕು ಅಡಿಗೊಂದು ಗಿಡ ಸರಿಯೇ?

ಮೈಸೂರು, ಉಡುಪಿ ಮಲ್ಲಿಗೆಗಳಂತೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹಡಗಲಿಯಲ್ಲಷ್ಟೇ ಅಲ್ಲ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಕಡೆ ಮಲ್ಲಿಗೆ ಹಾಕಬೇಕೆನ್ನುವವರಿಗೂ ಮೊದಲು ಎದುರಾಗುವ ಪ್ರಶ್ನೆ, ಗುಣಿಯಿಂದ ಗುಣಿಗೆ ಎಷ್ಟು ಅಂತರ ಬಿಡಬೇಕು ಎಂಬುದು. ನಾಲ್ಕು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 2,700 ಗಿಡ ಹಿಡಿಯುತ್ತವೆ. ಆರು ಅಡಿ ಬಿಟ್ಟರೆ 1,200ರ ಆಸುಪಾಸು.

ಪರ

ಹೂವು ಬೆಳೆಯುವವರಲ್ಲಿ ಹೆಚ್ಚಿನವರದು ತುಂಡು ಹೊಲ. ಅರ್ಧ ಎಕರೆ ಇದ್ದವನಿಗೆ ಆರು ಅಡಿ ಬಿಡು ಎನ್ನುವುದು ಸುಲಭ, ಬಿಟ್ಟ ಜಾಗ ಅವನ ಮನೆ ನಡೆಸುವುದಿಲ್ಲ. ನೆಟ್ಟ ಮೊದಲೆರಡು ವರ್ಷ ಗಿಡ ಚಿಕ್ಕದು, ಹೂವೂ ಕಡಿಮೆ. ಆಗ ಹೂವಿನ ತೂಕ ಹೆಚ್ಚಬೇಕಾದರೆ ಗಿಡಗಳ ಸಂಖ್ಯೆಯೇ ಹೆಚ್ಚಬೇಕು. ನೆಲ ಬೇಗ ಮುಚ್ಚಿದರೆ ಕಳೆ ತಗ್ಗುತ್ತದೆ, ಬಿಸಿಲಿಗೆ ತೇವ ಆರುವುದೂ ಕಡಿಮೆಯಾಗುತ್ತದೆ. ಹೇಗೂ ಜನವರಿ ಕೊನೆಗೆ ಗಿಡವನ್ನು ಮೊಣಕಾಲೆತ್ತರಕ್ಕೆ ಸವರುತ್ತೇವಲ್ಲ! ವರ್ಷವರ್ಷ ಸವರುವ ಗಿಡಕ್ಕೆ ಆರು ಅಡಿ ಏಕೆ? ಮಸಾರಿ ನೆಲದಲ್ಲಿ ಅದು ಅಷ್ಟು ಹಬ್ಬುವುದೂ ಇಲ್ಲ.

ವಿರೋಧ

ಮೊದಲೆರಡು ವರ್ಷದ ಲೆಕ್ಕ ಸರಿ. ಆದರೆ ಮಲ್ಲಿಗೆ ಹತ್ತು ವರ್ಷ ದಾಟಿಯೂ ನಿಲ್ಲುವ ಬೆಳೆ. ಮೂರನೇ ವರ್ಷಕ್ಕೆ ರೆಂಬೆಗಳು ಹೆಣೆದುಕೊಂಡು ಗಿಡದ ನಡುಭಾಗಕ್ಕೆ ಬಿಸಿಲು ಇಳಿಯುವುದಿಲ್ಲ. ಬಿಸಿಲಿಲ್ಲದ ಕಡೆ ಎಲೆ ಇರುತ್ತದೆ, ಮೊಗ್ಗು ಇರುವುದಿಲ್ಲ. ಎರೆ ನೆಲದಲ್ಲಂತೂ ಗಿಡ ಸೊಪ್ಪಿಗೇ ಹೋಗುತ್ತದೆ. ಅಲ್ಲಿ ನಾಲ್ಕು ಅಡಿ ಎಂದರೆ ಹೂವನ್ನು ಕೈಯಾರೆ ಕಳೆದುಕೊಂಡಂತೆ.

ಮೊಗ್ಗು ಕೊರೆಯುವ ಹುಳುವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಒಂದು ಮೊಗ್ಗಿಗೆ ಸಣ್ಣ ತೂತು, ಅದರ ಪಕ್ಕದ ನಾಲ್ಕಾರು ಮೊಗ್ಗುಗಳನ್ನು ಸೇರಿಸಿ ಕಟ್ಟಿದ ಬಿಳಿ ನೂಲು. ಗಿಡಕ್ಕೆ ಗಿಡ ತಾಗಿದ್ದರೆ ಒಳಗಿನ ಕೊಂಬೆಗೆ ಔಷಧಿ ತಲುಪುವುದಿಲ್ಲ, ಮುಂದಿನ ಸಾಲಿಗೆ ಹೋಗಲು ಹುಳುವಿಗೆ ತಡೆಯೂ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಹೂವು ಬಿಡಿಸುವವರ ಕಷ್ಟ. ಮೊಗ್ಗು ಅರಳುವ ಮೊದಲೇ ಬಿಡಿಸಬೇಕು, ಅದಕ್ಕೇ ನಸುಕಿನಲ್ಲೇ ತೋಟಕ್ಕಿಳಿಯಬೇಕು. ಆ ಮಬ್ಬಿನಲ್ಲಿ ಒತ್ತಾದ ಸಾಲುಗಳ ನಡುವೆ ಮಡಿಲು ಕಟ್ಟಿಕೊಂಡ ಹೆಣ್ಣುಮಕ್ಕಳು ಬಗ್ಗಿ ನಡೆಯುತ್ತಾರೆ. ಸೀರೆ ಕೊಂಬೆಗೆ ಸಿಕ್ಕುತ್ತದೆ, ಕಾಲಡಿಯಲ್ಲಿ ಹಾವಿದೆಯೋ ಚೇಳಿದೆಯೋ ಕಾಣುವುದಿಲ್ಲ. ಗಿಡ ಎಣಿಸುವ ನಮ್ಮ ಲೆಕ್ಕದಲ್ಲಿ ಅವರ ಕಾಲಿಗೊಂದು ದಾರಿ ಇರಲೇಬೇಕು. ಕೈ ಎಟುಕದೆ ಉಳಿದ ಮೊಗ್ಗು ಅರಳಿದರೆ ಮಾರುಕಟ್ಟೆಗೆ ಬಾರದು.

ಜಾಗ ದಂಡವಾಗುತ್ತದೆ ಎನ್ನುವವರು ಮೊದಲೆರಡು ವರ್ಷ ಸಾಲುಗಳ ನಡುವೆ ಈರುಳ್ಳಿ ಹಾಕಿಕೊಳ್ಳಲಿ. ಗಿಡ ಹೆಚ್ಚು ಬೇಕೇ ಬೇಕೆಂದರೆ ಸಾಲಿನೊಳಗೆ ನಾಲ್ಕು ಅಡಿಗೆ ತರಲಿ, ಸಾಲಿನಿಂದ ಸಾಲಿಗೆ ಆರು ಅಡಿ ಬಿಡಲಿ. ಎಕರೆಗೆ 1,800 ಗಿಡ ಸಿಗುತ್ತವೆ. ಮಸಾರಿಯಲ್ಲಿ ಇದಕ್ಕಿಂತ ಒತ್ತು ಬೇಡ, ಎರೆಯಲ್ಲಿ ಇಷ್ಟೂ ಬೇಡ.

ಗುಣಿ ತೋಡುವ ಮುನ್ನ ಐದು ವರ್ಷದ ಒಂದು ತೋಟಕ್ಕೆ ಬೆಳಗಿನ ಜಾವ ಹೋಗಿ, ಹೂವು ಬಿಡಿಸುವವರನ್ನೇ ಒಂದು ಮಾತು ಕೇಳಿ.